ಗಾಂಜಾ ಕಾನೂನಿನಲ್ಲಿ ರೋಗಿಗೆ ಜಾಗ ಎಲ್ಲಿದೆ?

ಪ್ರಶ್ನೆ: ನನ್ನ ಅಮ್ಮನಿಗೆ 67 ವರ್ಷ. ಸ್ತನ ಕ್ಯಾನ್ಸರ್ ಮೂಳೆಗೆ ಹರಡಿದೆ. ಮಾರ್ಫಿನ್ ಮಾತ್ರೆ ಕೊಡುತ್ತಿದ್ದೇವೆ. ನೋವು ಪೂರ್ತಿ ಹೋಗಿಲ್ಲ, ಊಟ ಸೇರುವುದಿಲ್ಲ, ವಾಕರಿಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಮುಂದಿನ ತಿಂಗಳು ಬರುತ್ತಾನೆ. ಅಲ್ಲಿ ಗಾಂಜಾ ಎಣ್ಣೆ, ಗಮ್ಮಿ (ಅಗಿಯುವ ಮಿಠಾಯಿ) ಎಲ್ಲಾ ಅಂಗಡಿಯಲ್ಲೇ ಸಿಗುತ್ತದೆ, ತರುತ್ತೇನೆ ಅನ್ನುತ್ತಾನೆ. ಡಾಕ್ಟರ್ ಚೀಟಿ ಇದ್ದರೆ ಇಲ್ಲಿ ಕಾನೂನು ಬಿಡುತ್ತದೆಯೇ? ಆನ್‌ಲೈನ್‌ನಲ್ಲಿ ಮಾರುವ ‘ವಿಜಯಾ’ ಎಣ್ಣೆ ತರಿಸಬಹುದೇ? ಇಷ್ಟೊಂದು ದೇಶಗಳು ಕಾನೂನು ಬದಲಿಸಿವೆ, ನಮ್ಮಲ್ಲಿ ಯಾಕೆ ಇಲ್ಲ? (ಓದುಗರು, ಸಾಗರ)

ಉತ್ತರ:

ಮೊದಲು ನಿಮ್ಮ ತಮ್ಮನಿಗೆ ಇವತ್ತೇ ಫೋನ್ ಮಾಡಿ, ಏನನ್ನೂ ತರಬೇಡ ಎಂದು ಹೇಳಿ. ಬ್ಯಾಗಿನಲ್ಲೂ ಬೇಡ, ಕೊರಿಯರ್‌ನಲ್ಲೂ ಬೇಡ. ಅಲ್ಲಿನ ಡಾಕ್ಟರ್ ಚೀಟಿಗೆ ಇಲ್ಲಿ ಬೆಲೆ ಇಲ್ಲ. ಅಂಗಡಿಯ ರಸೀದಿ ತೋರಿಸಿದರೆ ಅದು ತಪ್ಪೊಪ್ಪಿಗೆಯ ಹಾಗೆ ಆಗುತ್ತದೆ ಅಷ್ಟೇ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ. ನಾನು ವಕೀಲ, ವೈದ್ಯನಲ್ಲ. ಔಷಧದ ವಿಷಯದಲ್ಲಿ ನಾನು ಹೇಳುವುದು ಓದಿ ತಿಳಿದದ್ದು, ಅದನ್ನು ನಿಮ್ಮ ವೈದ್ಯರ ಹತ್ತಿರ ಖಚಿತ ಮಾಡಿಕೊಳ್ಳಿ.

ನಮ್ಮಲ್ಲಿ ಇದನ್ನು ಆಳುವುದು ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ. ಇದರ ಪ್ರಕಾರ ಗಾಂಜಾ ಅಂದರೆ ಆ ಗಿಡದ ಹೂಬಿಟ್ಟ ಅಥವಾ ಕಾಯಿಕಟ್ಟಿದ ತುದಿ. ತುದಿ ಜೊತೆಗಿಲ್ಲದ ಬರೀ ಎಲೆ ಮತ್ತು ಬೀಜ ಗಾಂಜಾ ಅಲ್ಲ. ಅಂಟು ತೆಗೆದರೆ ಅದು ಚರಸ್. ಹಶೀಶ್ ಎಣ್ಣೆ ಎನ್ನುವ ಗಟ್ಟಿ ಸಾರವೂ ಚರಸ್ ಲೆಕ್ಕಕ್ಕೇ ಬರುತ್ತದೆ. ಇವುಗಳಲ್ಲಿ ಯಾವುದನ್ನಾದರೂ ಬೇರೆ ಯಾವುದಕ್ಕಾದರೂ ಬೆರೆಸಿದರೆ ಆ ಮಿಶ್ರಣವೂ ಕಾಯ್ದೆಯೊಳಗೇ ಬರುತ್ತದೆ. ಸಕ್ಕರೆ ಗಮ್ಮಿ, ಬೆಣ್ಣೆ ಬಿಸ್ಕತ್ತು, ತೆಂಗಿನೆಣ್ಣೆಯ ಬಾಟಲಿ ಎಲ್ಲಾ.

ತೂಕದ ಮೇಲೆ ಶಿಕ್ಷೆ. ಗಾಂಜಾ 1 ಕಿಲೋವರೆಗೆ ‘ಸಣ್ಣ ಪ್ರಮಾಣ’, 20 ಕಿಲೋ ದಾಟಿದರೆ ‘ವಾಣಿಜ್ಯ ಪ್ರಮಾಣ’. ಚರಸ್‌ಗೆ ಸಣ್ಣ ಪ್ರಮಾಣ 100 ಗ್ರಾಂ ಮಾತ್ರ, ವಾಣಿಜ್ಯ ಪ್ರಮಾಣ 1 ಕಿಲೋ. ಸಣ್ಣ ಪ್ರಮಾಣಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಡುವಿನ ಪ್ರಮಾಣಕ್ಕೆ ಹತ್ತು ವರ್ಷದವರೆಗೆ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ ಹತ್ತು, ಗರಿಷ್ಠ ಇಪ್ಪತ್ತು. ಇಲ್ಲಿ ಜನ ಎಡವುವ ಜಾಗ ಒಂದಿದೆ. 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೀರಾ ಸಿಂಗ್ ಪ್ರಕರಣದಲ್ಲಿ, ಮಿಶ್ರಣದಲ್ಲಿರುವ ಮಾದಕದ ತೂಕ ಮಾತ್ರ ನೋಡಬಾರದು, ಇಡೀ ಮಿಶ್ರಣವನ್ನೇ ತೂಗಬೇಕು ಎಂದಿತು. ಹಾಗಾಗಿ ಗಮ್ಮಿಯಲ್ಲಿ ಇರುವ ಮಾದಕ ಅಂಶ ಕೆಲವೇ ಮಿಲಿಗ್ರಾಂ ಆದರೂ ತಕ್ಕಡಿಗೆ ಬೀಳುವುದು ಸಕ್ಕರೆ ಸಮೇತ. ಅದನ್ನು ಎಣ್ಣೆಯಿಂದ ಮಾಡಿದ್ದು ಎಂದು ಲೆಕ್ಕ ಹಾಕಿದರೆ ಎರಡು ಮೂರು ಡಬ್ಬಿಗೇ 100 ಗ್ರಾಂ ದಾಟಬಹುದು. ಆಗ ನಿಮ್ಮ ತಮ್ಮ ಒಂದು ವರ್ಷದ ಕೇಸಿನಿಂದ ಹತ್ತು ವರ್ಷದ ಕೇಸಿಗೆ ಜಿಗಿಯುತ್ತಾನೆ. ವಿದೇಶದಿಂದ ತಂದದ್ದಾದರೆ ಆಮದು ಅಪರಾಧ, ಸೆಕ್ಷನ್ 23. ಕೊರಿಯರ್ ಆದರೆ ಡಬ್ಬದ ಮೇಲೆ ಬರೆದ ಹೆಸರು ಯಾರದು? ಅಮ್ಮನದ್ದು. ವಸ್ತು ಸಿಕ್ಕಿದ ಮೇಲೆ ‘ನನಗೆ ಗೊತ್ತಿರಲಿಲ್ಲ’ ಎಂದು ಸಾಬೀತು ಮಾಡುವ ಹೊಣೆಯನ್ನು ಈ ಕಾಯ್ದೆ ಆರೋಪಿಯ ಮೇಲೇ ಹೊರಿಸುತ್ತದೆ. ಕ್ಯಾನ್ಸರ್ ರೋಗಿಯನ್ನು ಠಾಣೆ, ಕೋರ್ಟು ಅಂತ ಅಲೆಸುವ ಪರಿಸ್ಥಿತಿ ಮನೆಯವರೇ ತಂದುಕೊಂಡ ಹಾಗಾಗುತ್ತದೆ.

ಕೆಲವರು ಮನೆ ಹಿತ್ತಲಲ್ಲಿ ಒಂದೇ ಒಂದು ಗಿಡ ಬೆಳೆಸಿಕೊಳ್ಳೋಣ ಎಂದು ಯೋಚಿಸುತ್ತಾರೆ. ಮಲೆನಾಡಲ್ಲಿ ಇದು ಸುಲಭ ಅನ್ನಿಸುತ್ತದೆ. ದಯವಿಟ್ಟು ಬೇಡ. ಗಿಡ ಬೆಳೆಸುವುದಕ್ಕೆ ಸಣ್ಣ, ದೊಡ್ಡ ಎಂಬ ವಿಂಗಡಣೆಯೇ ಇಲ್ಲ. ಸೆಕ್ಷನ್ 20(ಎ) ಪ್ರಕಾರ ಒಂದು ಗಿಡಕ್ಕೂ ಹತ್ತು ವರ್ಷದವರೆಗೆ ಶಿಕ್ಷೆ ವಿಧಿಸಲು ಅವಕಾಶ ಇದೆ. ಕಾಗದದ ಮೇಲೆ ನೋಡಿದರೆ ಅರ್ಧ ಕಿಲೋ ಗಾಂಜಾ ಕೊಂಡು ಇಟ್ಟುಕೊಂಡವನಿಗಿಂತ ಒಂದು ಗಿಡ ನೆಟ್ಟವನು ಜಾಸ್ತಿ ಅಪಾಯದಲ್ಲಿದ್ದಾನೆ. ಈ ಅಸಮತೋಲ ನನಗೆ ಯಾವತ್ತೂ ಸರಿ ಕಂಡಿಲ್ಲ.

ಇನ್ನು ವಿಜಯಾ ಎಣ್ಣೆ. ಆಯುರ್ವೇದದಲ್ಲಿ ಈ ಗಿಡಕ್ಕೆ ವಿಜಯಾ ಎಂದೇ ಹೆಸರು. ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳ ಇ(1) ಅನುಸೂಚಿಯಲ್ಲಿ ಇದನ್ನು ವಿಷದ್ರವ್ಯಗಳ ಪಟ್ಟಿಯಲ್ಲಿಟ್ಟಿದ್ದಾರೆ. ಹಾಗೆಂದರೆ ನಿಷೇಧ ಅಲ್ಲ. ಲೈಸೆನ್ಸ್ ಇರುವ ಆಯುರ್ವೇದ ತಯಾರಕರು ಬಳಸಬಹುದು, ಬಾಟಲಿಯ ಮೇಲೆ ‘ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ’ ಎಂಬ ಎಚ್ಚರಿಕೆ ಇರಲೇಬೇಕು. ಎಲೆ ಎನ್‌ಡಿಪಿಎಸ್ ಹೊರಗಿರುವುದರಿಂದ ಎಲೆಯ ಸಾರ ಎಂದು ಇವನ್ನು ಮಾರುತ್ತಾರೆ. ನಮ್ಮ ಹೈಕೋರ್ಟ್ ಕೂಡ 2022ರ ಆಗಸ್ಟ್‌ನಲ್ಲಿ ಒಬ್ಬನಿಗೆ ಜಾಮೀನು ಕೊಡುವಾಗ, ಎಲೆಯಿಂದ ಮಾಡುವ ಭಂಗಿ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಹೇಳಿದ ನಿಷೇಧಿತ ವಸ್ತು ಅಲ್ಲ ಎಂದಿತು. ಅವನ ಹತ್ತಿರ ಸಿಕ್ಕಿದ್ದು 29 ಕಿಲೋ ಭಂಗಿ. ಆದರೆ ಅದು ಜಾಮೀನು ಆದೇಶ, ಅಂತಿಮ ತೀರ್ಪಲ್ಲ. ಅದನ್ನೇ ಗುರಾಣಿ ಮಾಡಿಕೊಂಡು ಓಡಾಡಬೇಡಿ.

ಎಲೆಯ ಸಾರದಲ್ಲಿ ಒಂದು ಸಿಕ್ಕಿದೆ. ಎಲೆಯಲ್ಲೂ ಸ್ವಲ್ಪ ಅಂಟು ಇರುತ್ತದೆ. ಗಿಡದಿಂದ ಬೇರೆ ಮಾಡಿದ ಅಂಟು ಯಾವ ರೂಪದಲ್ಲಿದ್ದರೂ ಚರಸ್ ಎಂದು ಕಾಯ್ದೆ ಹೇಳುತ್ತದೆ. ಎಲೆಯಿಂದ ತೆಗೆದ ಗಟ್ಟಿ ಎಣ್ಣೆಯನ್ನು ‘ಇದು ಎಲೆಯದ್ದು, ಕಾಯ್ದೆಗೆ ಹೊರಗೆ’ ಎಂದು ಕಂಪನಿ ಹೇಳುತ್ತದೆ. ‘ಇದು ಅಂಟು, ಕಾಯ್ದೆಗೆ ಒಳಗೆ’ ಎಂದು ತನಿಖಾಧಿಕಾರಿ ಹೇಳಬಹುದು. ಹಾಗಾಗಿ ಕೊಳ್ಳುವುದೇ ಆದರೆ ನೋಂದಾಯಿತ ಆಯುರ್ವೇದ ವೈದ್ಯರು ರೋಗಿಯನ್ನು ನೋಡಿ ಬರೆದ ಚೀಟಿ, ತಯಾರಿಕಾ ಲೈಸೆನ್ಸ್ ನಂಬರ್ ಮತ್ತು ಬ್ಯಾಚ್ ನಂಬರ್ ಇರುವ ಲೇಬಲ್, ಅಮ್ಮನ ಹೆಸರಲ್ಲಿ ಬಿಲ್, ಈ ಮೂರೂ ಇರಲಿ. ಮೂರನ್ನೂ ಬಾಟಲಿ ಜೊತೆಗೇ ಒಂದು ಕವರ್‌ನಲ್ಲಿ ಹಾಕಿಡಿ. ವಾಟ್ಸಾಪ್‌ನಲ್ಲಿ ಎರಡು ಪ್ರಶ್ನೆ ಕೇಳಿ ಚೀಟಿ ಕಳಿಸುವವರ ಹತ್ತಿರ ಹೋಗಬೇಡಿ. ಮುಖ್ಯವಾಗಿ, ಕ್ಯಾನ್ಸರ್ ಡಾಕ್ಟರಿಗೆ ತಿಳಿಸದೆ ಒಂದು ಹನಿಯನ್ನೂ ಕೊಡಬೇಡಿ. ಈ ಗಿಡದ ಅಂಶಗಳು ಯಕೃತ್ತಿನಲ್ಲಿ ಬೇರೆ ಔಷಧಗಳ ಕೆಲಸಕ್ಕೆ ಅಡ್ಡ ಬರುತ್ತವೆ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಇದು ಅಪಾಯ. ಮಾರ್ಫಿನ್ ಜೊತೆ ಸೇರಿದರೆ ಮಂಪರು ಹೆಚ್ಚಾಗಿ ವಯಸ್ಸಾದವರು ಬಿದ್ದು ಮೂಳೆ ಮುರಿದುಕೊಳ್ಳುವ ಭಯ ಇದೆ. ನಿಮ್ಮ ಅಮ್ಮನ ಮೂಳೆಗೇ ಕಾಯಿಲೆ ಹರಡಿದೆ, ಅಲ್ವಾ?

ಅಂಗಡಿಗಳಲ್ಲಿ ಸಿಗುವ ‘ಹೆಂಪ್ ಸೀಡ್ ಆಯಿಲ್’ ಬೇರೆ. ಅದು ಇದೇ ಗಿಡದ ಬೀಜದ ಎಣ್ಣೆ, 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅದನ್ನು ಆಹಾರವಾಗಿ ಒಪ್ಪಿತು. ನೋವಿಗೆ ಅದರಿಂದ ಉಪಯೋಗ ಇಲ್ಲ.

ಹಾಗಾದರೆ ಗಾಂಜಾದ ಔಷಧ ನಿಜವಾಗಿ ಕೆಲಸ ಮಾಡುತ್ತದೆಯೇ? ಕೆಲವು ಕಡೆ ಖಂಡಿತ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಗಿಡದಿಂದ ತೆಗೆದ, ಮತ್ತೇರಿಸದ ಸಿಬಿಡಿ ಎಂಬ ಅಂಶದ ಔಷಧ ಎಪಿಡಿಯೋಲೆಕ್ಸ್‌ಗೆ ಒಪ್ಪಿಗೆ ಕೊಟ್ಟಿತು. ಮಕ್ಕಳಲ್ಲಿ ಬರುವ ಎರಡು ಭೀಕರ ಬಗೆಯ ಫಿಟ್ಸ್‌ಗೆ ಅದು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವವರ ಸ್ನಾಯು ಸೆಟೆತಕ್ಕೆ ಸ್ಯಾಟಿವೆಕ್ಸ್ ಎಂಬ ಸ್ಪ್ರೇ 2010ರಿಂದ ಬ್ರಿಟನ್ನಿನಲ್ಲಿದೆ. ಕೀಮೋ ವಾಕರಿಕೆಗೆ ಡ್ರೊನಾಬಿನಾಲ್, ನ್ಯಾಬಿಲೋನ್ ಎಂಬ ಮಾತ್ರೆಗಳನ್ನು ಎಫ್‌ಡಿಎ 1985ರಲ್ಲೇ ಒಪ್ಪಿತ್ತು. ನಮ್ಮ ಸಂಸತ್ತು ಎನ್‌ಡಿಪಿಎಸ್ ಪಾಸು ಮಾಡಿದ ಅದೇ ವರ್ಷ.

ಆದರೆ ನಿಮ್ಮ ಅಮ್ಮನದ್ದು ಕ್ಯಾನ್ಸರ್ ನೋವು. ಇಲ್ಲಿ ಸುದ್ದಿ ಅಷ್ಟು ಚೆನ್ನಾಗಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟು ಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2023ರಲ್ಲಿ ಇದನ್ನೇ ಪರಿಶೀಲಿಸಿತು. ಮಾರ್ಫಿನ್ ಗುಂಪಿನ ಔಷಧಕ್ಕೂ ಬಗ್ಗದ ಕ್ಯಾನ್ಸರ್ ನೋವನ್ನು ಗಾಂಜಾ ಆಧಾರಿತ ಔಷಧಗಳು ಕಡಿಮೆ ಮಾಡುವುದಿಲ್ಲ ಎಂಬ ಕಡೆಗೇ ಪುರಾವೆ ವಾಲಿತು. ಗಾಂಜಾ ಎಣ್ಣೆ ಕ್ಯಾನ್ಸರ್ ಗಡ್ಡೆಯನ್ನೇ ಕರಗಿಸುತ್ತದೆ ಎಂದು ಯಾರಾದರೂ ವಿಡಿಯೋ ಕಳಿಸಿದ್ದರೆ ಅದನ್ನು ನಂಬಬೇಡಿ. ಆ ಮಾತು ನಂಬಿ ಚಿಕಿತ್ಸೆ ಬಿಟ್ಟವರ ಮನೆಯವರನ್ನು ನಾನು ಕಂಡಿದ್ದೇನೆ. ಹಾಗೆ ಮಾರುವವರ ಮೇಲೆ ನನಗೆ ಬಹಳ ಸಿಟ್ಟಿದೆ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ನಮ್ಮಲ್ಲಿ ಯಾಕೆ ಬದಲಾಗಿಲ್ಲ? ಟಿವಿ ಚರ್ಚೆಯಲ್ಲಿ ಒಬ್ಬರು ‘ಶಿವನ ಪ್ರಸಾದ, ನಮ್ಮ ಸಂಸ್ಕೃತಿ’ ಅನ್ನುತ್ತಾರೆ, ಇನ್ನೊಬ್ಬರು ‘ಯುವಕರು ಹಾಳಾಗುತ್ತಾರೆ’ ಅನ್ನುತ್ತಾರೆ. ಇಬ್ಬರ ಮಾತಲ್ಲೂ ಸ್ವಲ್ಪ ಸತ್ಯ ಇದೆ. ಹದಿಹರೆಯದಲ್ಲಿ ದಿನಾ ಗಾಂಜಾ ಸೇದಿದವರಲ್ಲಿ ಮನೋವಿಕಾರದ ಅಪಾಯ ಹೆಚ್ಚು ಎನ್ನುವುದನ್ನು ಮನೋವೈದ್ಯರು ಸುಮ್ನೆ ಹೇಳುತ್ತಿಲ್ಲ. ಇನ್ನೊಂದು ಕಡೆ, 2019ರ ಏಮ್ಸ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 3.1 ಕೋಟಿ ಜನ ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ ಅಥವಾ ಚರಸ್ ಬಳಸಿದ್ದರು. ಇಷ್ಟು ಜನರನ್ನು ಜೈಲಿಗೆ ಹಾಕುವುದು ಆಗದ ಮಾತು. ಆದರೆ ಈ ಇಬ್ಬರ ಜಗಳದ ನಡುವೆ ಆಸ್ಪತ್ರೆ ಹಾಸಿಗೆಯಲ್ಲಿರುವವರ ಮಾತು ಬರುವುದೇ ಇಲ್ಲ.

ನಮ್ಮ ಕಾಯ್ದೆಯಲ್ಲೂ ಹಾಗೇ ಆಗಿದೆ. ಅದು ಮನುಷ್ಯರನ್ನು ಎರಡೇ ಬಗೆಯಾಗಿ ಗುರುತಿಸುತ್ತದೆ. ಒಂದು ಅಪರಾಧಿ, ಇನ್ನೊಂದು ವ್ಯಸನಿ. ವ್ಯಸನಿಗೆ ಸೆಕ್ಷನ್ 64ಎ ಇದೆ. ತಾನಾಗಿ ಚಿಕಿತ್ಸೆಗೆ ಬಂದರೆ, ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಅವನಿಗೆ ರಕ್ಷಣೆ ಸಿಗುತ್ತದೆ. ಕ್ಯಾನ್ಸರ್ ಆದ ನಿಮ್ಮ ಅಮ್ಮ ವ್ಯಸನಿ ಅಲ್ಲ, ಹಾಗಾಗಿ ಆ ಬಾಗಿಲೂ ಮುಚ್ಚಿದೆ. ಕೋರ್ಟಿನಲ್ಲಿ ರಕ್ಷಣೆ ಬೇಕೆಂದರೆ ‘ನಾನು ವ್ಯಸನಿ’ ಎಂದು ಸುಳ್ಳು ಹೇಳಬೇಕು. ರೋಗಿ ಎಂದು ನಿಜ ಹೇಳಿದರೆ ಅದಕ್ಕೆ ಸೆಕ್ಷನ್ನೇ ಇಲ್ಲ. ಕೆಟ್ಟದ್ದನ್ನು ತಪ್ಪಿಸಲು ಮಾಡಿದ ಕೆಲಸ ಎಂಬ ಸಾಮಾನ್ಯ ವಿನಾಯಿತಿ ಭಾರತೀಯ ನ್ಯಾಯ ಸಂಹಿತೆಯ 19ನೇ ಸೆಕ್ಷನ್‌ನಲ್ಲಿದೆ, ಹಿಂದೆ ಐಪಿಸಿ 81 ಆಗಿತ್ತು. ವಾದಕ್ಕೆ ಅದು ಇದೆ ನಿಜ. ಅದನ್ನೇ ನೆಚ್ಚಿಕೊಂಡು ಯಾರೂ ಕೂರಬಾರದು.

ವಿಚಿತ್ರ ಅಂದರೆ, ಔಷಧದ ಬಾಗಿಲನ್ನು ಕಾಯ್ದೆ ಮುಚ್ಚಿಲ್ಲ. ಸೆಕ್ಷನ್ 8 ಎಲ್ಲವನ್ನೂ ನಿಷೇಧಿಸುತ್ತಾ ‘ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶ ಬಿಟ್ಟು’ ಎನ್ನುತ್ತದೆ. ಸೆಕ್ಷನ್ 2ರಲ್ಲಿ ‘ವೈದ್ಯಕೀಯ ಗಾಂಜಾ’ಕ್ಕೆ ವ್ಯಾಖ್ಯೆ ಕೂಡ ಇದೆ: ಈ ಗಿಡದ ಯಾವುದೇ ಸಾರ ಅಥವಾ ಟಿಂಚರ್ (ಮದ್ಯಸಾರದಲ್ಲಿ ಕರಗಿಸಿದ ಔಷಧ). ಕಲ್ಕತ್ತಾದಲ್ಲಿ 1839ರ ಹೊತ್ತಿಗೆ ಒ’ಶಾನೆಸ್ಸಿ ಎಂಬ ವೈದ್ಯ ಇದೇ ಟಿಂಚರನ್ನು ಸೆಳವು ಬಂದ ಹಸುಗೂಸಿಗೆ ಕೊಟ್ಟು ಬರೆದಿಟ್ಟಿದ್ದ. ಆಮೇಲೆ ಇಡೀ ಯುರೋಪ್ ಅದನ್ನು ನಮ್ಮಿಂದ ಕಲಿಯಿತು. ಅಂದರೆ ಔಷಧದ ಕಲ್ಪನೆ ನಮಗೆ ಹೊಸದಲ್ಲ, ಪುಸ್ತಕದಲ್ಲಿ ಜಾಗವೂ ಇದೆ. ಇಲ್ಲದೇ ಇರುವುದು ಅದರ ಮುಂದಿನ ಸಾಲು. ಸೆಕ್ಷನ್ 8ರ ವಿನಾಯಿತಿ ಸಿಗುವುದು ಕಾಯ್ದೆ ಮತ್ತು ನಿಯಮಗಳು ಹೇಳಿದ ರೀತಿಯಲ್ಲಿ ಮಾತ್ರ. ಯಾವ ವೈದ್ಯರು ಬರೆಯಬಹುದು, ಯಾವ ಔಷಧ ಅಂಗಡಿ ಕೊಡಬಹುದು, ರೋಗಿ ಎಷ್ಟು ಇಟ್ಟುಕೊಳ್ಳಬಹುದು ಎಂಬ ನಿಯಮವೇ ಇಲ್ಲದಿದ್ದರೆ ಆ ವಿನಾಯಿತಿ ಬರೀ ಕಾಗದದ ಮೇಲೆ ಉಳಿಯುತ್ತದೆ.

ಇದರ ಪರಿಣಾಮ ಠಾಣೆಯಲ್ಲಿ ಹೇಗಿರುತ್ತದೆ ನೋಡಿ. ಒಂದು ಸಣ್ಣ ಬಾಟಲಿ ಸಿಕ್ಕಿತು ಎಂದುಕೊಳ್ಳಿ. ಪಂಚನಾಮೆಯಲ್ಲಿ ‘ಹಶೀಶ್ ಆಯಿಲ್’ ಎಂದು ಬರೆದರೆ ಅದು ಚರಸ್, ಸೆಕ್ಷನ್ 20. ‘ಗಾಂಜಾ ಸಾರ’ ಎಂದು ಬರೆದರೆ ವೈದ್ಯಕೀಯ ಗಾಂಜಾ ಆಗಬಹುದು, ಆಗ ಸೆಕ್ಷನ್ 21. ‘ಎಲೆಯ ಎಣ್ಣೆ’ ಎಂದರೆ ಕೇಸೇ ಆಗದಿರಬಹುದು. ಬಾಟಲಿ ಒಂದೇ. ಅದಕ್ಕೆ ಯಾವ ಹೆಸರು ಎನ್ನುವುದು ಮೊದಲಿಗೆ ಬರೆಯುವವರ ಪೆನ್ನಿನ ಮೇಲೆ ನಿಂತಿರುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ ಬರುವವರೆಗೆ ಇಟ್ಟುಕೊಂಡವರು ಒಳಗಿರಬೇಕಾಗಬಹುದು. ರೋಗಿಗೆ ಕಾನೂನಿನ ರಕ್ಷಣೆ ಬೇಕು ಎಂದು ನಾನು ಹೇಳುವುದು ಈ ಘಳಿಗೆಗಾಗಿ. ಬಂಧನ ಆದ ಮೇಲೆ ಬಿಡುಗಡೆ ಆಗುವುದನ್ನು ನಾನು ರಕ್ಷಣೆ ಎನ್ನುವುದಿಲ್ಲ.

ಈ ವ್ಯತ್ಯಾಸವನ್ನು ಅಮೆರಿಕ ಕಷ್ಟಪಟ್ಟು ಕಲಿಯಿತು. ನಿಮ್ಮ ತಮ್ಮ ಇರುವ ರಾಜ್ಯವೇ ಅದಕ್ಕೆ ಪಾಠಶಾಲೆ. ಅದಕ್ಕೂ ಹಿಂದೆ ವಾಷಿಂಗ್ಟನ್‌ನಲ್ಲಿ ರಾಬರ್ಟ್ ರಾಂಡಲ್ ಎಂಬ ಗ್ಲಾಕೋಮಾ ರೋಗಿ ಮನೆಯಲ್ಲಿ ಗಾಂಜಾ ಗಿಡ ಬೆಳೆಸಿ ಸಿಕ್ಕಿಬಿದ್ದಿದ್ದರು. ಕುರುಡಾಗುವುದನ್ನು ತಪ್ಪಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ ಎಂಬ ಅವರ ವಾದವನ್ನು 1976ರಲ್ಲಿ ಕೋರ್ಟ್ ಒಪ್ಪಿತು. ಆಮೇಲೆ ಕೇಂದ್ರ ಸರ್ಕಾರವೇ ಮಿಸಿಸಿಪಿ ವಿಶ್ವವಿದ್ಯಾಲಯದ ಹೊಲದಲ್ಲಿ ಬೆಳೆದ ಗಾಂಜಾವನ್ನು ಸಿಗರೇಟಿನಂತೆ ಸುತ್ತಿ, ತಗಡಿನ ಡಬ್ಬದಲ್ಲಿ ತುಂಬಿ, ಅವರಂಥ ಬೆರಳೆಣಿಕೆಯ ರೋಗಿಗಳಿಗೆ ಕೊಡುತ್ತಿತ್ತು. 1992ರಲ್ಲಿ ಹೊಸಬರಿಗೆ ಅದನ್ನು ನಿಲ್ಲಿಸಿದರು. ಆ ಹೊತ್ತಿಗೆ ಏಡ್ಸ್ ರೋಗಿಗಳ ಅರ್ಜಿಗಳು ರಾಶಿ ಬಿದ್ದಿದ್ದವು.

1996ರಲ್ಲಿ ಕ್ಯಾಲಿಫೋರ್ನಿಯಾದ ಜನ ಮತ ಹಾಕಿ ‘ಪ್ರಾಪೊಸಿಷನ್ 215’ ಪಾಸು ಮಾಡಿದರು. ವೈದ್ಯರ ಶಿಫಾರಸು ಇರುವ ರೋಗಿ ಗಾಂಜಾ ಇಟ್ಟುಕೊಳ್ಳಬಹುದು, ಬೆಳೆಯಬಹುದು. ಎಲ್ಲರೂ ಗೆದ್ದೆವು ಎಂದುಕೊಂಡರು. ಆದರೂ ಪೊಲೀಸರು ರೋಗಿಗಳನ್ನು ಹಿಡಿಯುತ್ತಲೇ ಇದ್ದರು. 2002ರಲ್ಲಿ ಮೋವರ್ ಪ್ರಕರಣದಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಈ ಕಾನೂನು ಬಂಧನದಿಂದ ರಕ್ಷಿಸುವುದಿಲ್ಲ, ಆದರೆ ವಿಚಾರಣೆಗೆ ಮೊದಲೇ ಕೇಸು ವಜಾ ಮಾಡಿ ಎಂದು ರೋಗಿ ಕೇಳಬಹುದು. ಬಂಧನದಿಂದಲೇ ಪಾರಾಗಲು ಇನ್ನೊಂದು ಕಾನೂನು ಬೇಕಾಯಿತು. 2003ರಲ್ಲಿ ಮಾಡಿದ ಆ ಕಾನೂನಿನಿಂದ ರೋಗಿಗಳಿಗೆ ಗುರುತಿನ ಚೀಟಿ ಬಂತು. ಚೀಟಿ ತೋರಿಸಿದರೆ ಪೊಲೀಸರು ಹಿಡಿಯುವ ಹಾಗಿಲ್ಲ.

ಅಷ್ಟಾದರೂ ಕೇಂದ್ರದ ಕಾನೂನು ಹಾಗೇ ಇತ್ತು. 2002ರಲ್ಲಿ ಡಯಾನ್ ಮಾನ್ಸನ್ ಎಂಬ ಬೆನ್ನುನೋವಿನ ರೋಗಿಯ ಮನೆಗೆ ಕೇಂದ್ರದ ಮಾದಕ ನಿಗ್ರಹ ಅಧಿಕಾರಿಗಳು ಹೋದರು. ಅವರ ಹತ್ತಿರ ಇದ್ದದ್ದು ಆರು ಗಿಡ. ಇದು ರಾಜ್ಯದ ಕಾನೂನಿಗೆ ಸರಿಯಾಗಿದೆ ಎಂದು ಸ್ಥಳೀಯ ಅಧಿಕಾರಿಗಳು ಅಲ್ಲೇ ನಿಂತು ಹೇಳಿದರು. ಮೂರು ಗಂಟೆ ವಾದ ನಡೆದ ಮೇಲೆ ಕೇಂದ್ರದವರು ಆರೂ ಗಿಡ ಕಿತ್ತು ನಾಶ ಮಾಡಿದರು. ಮಾನ್ಸನ್ ಮತ್ತು ಏಂಜೆಲ್ ರೈಚ್ ಎಂಬ ಇನ್ನೊಬ್ಬ ರೋಗಿ ಸುಪ್ರೀಂ ಕೋರ್ಟ್‌ವರೆಗೆ ಹೋದರು. 2005ರಲ್ಲಿ 6–3ರಲ್ಲಿ ಸೋತರು. ಮನೆ ಬಳಕೆಗೆ ಬೆಳೆದ ಗಿಡವನ್ನೂ ಕೇಂದ್ರ ನಿಷೇಧಿಸಬಹುದು ಎಂದು ಕೋರ್ಟ್ ಹೇಳಿತು. 2014ರ ಕೊನೆಯಲ್ಲಿ ಅಮೆರಿಕದ ಸಂಸತ್ತು ಬಜೆಟ್‌ಗೆ ಒಂದು ಷರತ್ತು ಸೇರಿಸಿ, ರಾಜ್ಯಗಳ ವೈದ್ಯಕೀಯ ಗಾಂಜಾ ವ್ಯವಸ್ಥೆಗೆ ಅಡ್ಡಿ ಮಾಡಲು ನ್ಯಾಯ ಇಲಾಖೆ ದುಡ್ಡು ಖರ್ಚು ಮಾಡಬಾರದು ಎಂದಿತು. ಮೊದಲ ಮತದಾನಕ್ಕೂ ಈ ಷರತ್ತಿಗೂ ನಡುವೆ ಹದಿನೆಂಟು ವರ್ಷ. ಅಷ್ಟು ಕಾಲ ರೋಗಿಗಳು ಹೆದರಿಕೊಂಡೇ ಬದುಕಿದರು.

ಕೆಲಸದ ಕತೆ ಇನ್ನೊಂದು. ಗ್ಯಾರಿ ರಾಸ್ ಎಂಬ ಮಾಜಿ ವಾಯುಪಡೆ ಸಿಬ್ಬಂದಿ ಬೆನ್ನುನೋವಿಗೆ ವೈದ್ಯರ ಶಿಫಾರಸಿನಂತೆ ಗಾಂಜಾ ಬಳಸುತ್ತಿದ್ದರು. ಹೊಸ ಕೆಲಸಕ್ಕೆ ಸೇರಿದಾಗ ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿತು, ಕೆಲಸದಿಂದ ತೆಗೆದರು. 2008ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಕಂಪನಿ ಪರ ನಿಂತಿತು. ಜೈಲಿನಿಂದ ಉಳಿಸುವ ಕಾನೂನು ಹೊಟ್ಟೆಪಾಡನ್ನು ಉಳಿಸಲಿಲ್ಲ. ಅದನ್ನು ಸ್ವಲ್ಪ ಸರಿಪಡಿಸಿದ ಕಾಯ್ದೆ ಜಾರಿಗೆ ಬಂದದ್ದು 2024ರ ಜನವರಿಯಲ್ಲಿ.

ಬ್ರಿಟನ್ನಿನ ಪಾಠ ಬೇರೆ ಥರದ್ದು. ಫಿಟ್ಸ್ ಬರುವ ಇಬ್ಬರು ಹುಡುಗರ ತಾಯಂದಿರ ಹೋರಾಟದಿಂದ 2018ರ ನವೆಂಬರ್ 1ರಿಂದ ತಜ್ಞವೈದ್ಯರು ಗಾಂಜಾ ಔಷಧ ಬರೆಯಬಹುದು ಎಂದಾಯಿತು. ಕಾನೂನು ಸರಿಯಾಯಿತು, ಆದರೆ ಸರ್ಕಾರಿ ಆಸ್ಪತ್ರೆಯ ವೈದ್ಯರು ಬರೆಯಲು ಮುಂದೆ ಬರಲಿಲ್ಲ. ದುಡ್ಡಿದ್ದವರು ಖಾಸಗಿಗೆ ಹೋದರು. ಥಾಯ್ಲೆಂಡ್ 2022ರಲ್ಲಿ ನಿಯಮ ರೂಪಿಸುವ ಮೊದಲೇ ಗಾಂಜಾವನ್ನು ನಿಷೇಧಿತ ಪಟ್ಟಿಯಿಂದ ತೆಗೆಯಿತು. ಬೀದಿ ಬೀದಿಯಲ್ಲಿ ಅಂಗಡಿ ತೆರೆದವು. 2025ರಲ್ಲಿ ಮತ್ತೆ ವೈದ್ಯರ ಚೀಟಿ ಕಡ್ಡಾಯ ಮಾಡಬೇಕಾಯಿತು.

ಇಷ್ಟೆಲ್ಲ ಹೊರದೇಶದ ಮಾತು ಯಾಕೆ ಅನ್ನಿಸಬಹುದು. ನಮ್ಮದೇ ಪಾಠ ನಿಮ್ಮ ಮನೆಯಲ್ಲೇ ಇದೆ: ಅಮ್ಮನ ಮಾರ್ಫಿನ್ ಮಾತ್ರೆ. ಎನ್‌ಡಿಪಿಎಸ್ ಕಾಯ್ದೆ ಮಾರ್ಫಿನ್ ಅನ್ನು ಔಷಧವಾಗಿ ಯಾವತ್ತೂ ನಿಷೇಧಿಸಿರಲಿಲ್ಲ. ಆದರೆ ರಾಜ್ಯಕ್ಕೊಂದು ನಿಯಮ, ತರಿಸಲು, ಸಾಗಿಸಲು, ಇಟ್ಟುಕೊಳ್ಳಲು ಬೇರೆ ಬೇರೆ ಲೈಸೆನ್ಸ್. ಒಂದರ ಅವಧಿ ಮುಗಿದರೆ ಉಳಿದವು ವ್ಯರ್ಥ. ಕಾಗದದಲ್ಲಿ ಸಣ್ಣ ತಪ್ಪಾದರೂ ಹತ್ತು ವರ್ಷದ ಜೈಲಿನ ಭಯ. ಔಷಧ ಅಂಗಡಿಗಳು ಇಡುವುದನ್ನೇ ಬಿಟ್ಟವು. 1985ರಿಂದ 1997ರೊಳಗೆ ದೇಶದಲ್ಲಿ ಮಾರ್ಫಿನ್‌ನ ವೈದ್ಯಕೀಯ ಬಳಕೆ ಶೇಕಡಾ 97ರಷ್ಟು ಕುಸಿಯಿತು. ಮಧ್ಯಪ್ರದೇಶ, ರಾಜಸ್ಥಾನದ ಹೊಲಗಳಲ್ಲಿ ಸರ್ಕಾರದ ಲೈಸೆನ್ಸಿನಲ್ಲೇ ಅಫೀಮು ಬೆಳೆದು ಪ್ರಪಂಚಕ್ಕೆ ಮಾರುವ ದೇಶದಲ್ಲಿ, ನಮ್ಮದೇ ರೋಗಿಗಳು ನೋವಿನಿಂದ ಕಿರುಚುತ್ತಾ ಸತ್ತರು. ಇದನ್ನು ಬರೆಯುವಾಗಲೂ ನನಗೆ ಸಂಕಟ ಆಗುತ್ತದೆ.

ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಪ್ಯಾಲಿಯಂ ಇಂಡಿಯಾ ಸಂಸ್ಥೆ, ಅವರ ಜೊತೆಗೆ ಇನ್ನೂ ಹಲವರು ಸುಮಾರು ಎರಡು ದಶಕ ಇದಕ್ಕಾಗಿ ಬಡಿದಾಡಿದರು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ‘ಅಗತ್ಯ ಮಾದಕ ಔಷಧ’ ಎಂಬ ಹೊಸ ವರ್ಗ ಹುಟ್ಟಿತು. ಮಾರ್ಫಿನ್ ಸೇರಿ ಆರು ಔಷಧ ಅದರಲ್ಲಿವೆ. ದೇಶಕ್ಕೆಲ್ಲ ಒಂದೇ ನಿಯಮ, ಮಾನ್ಯತೆ ಪಡೆದ ಆಸ್ಪತ್ರೆಗೆ ಒಂದೇ ಅನುಮತಿ. ಇದು ಸಾಧ್ಯವಾದದ್ದು ಯಾರೂ ‘ಅಫೀಮು ಒಳ್ಳೆಯದು’ ಎಂದು ವಾದಿಸಿದ್ದರಿಂದಲ್ಲ. ಕಾನೂನಿನೊಳಗೆ ರೋಗಿಗೆ ಒಂದು ಜಾಗ ಕೊಡಿ ಎಂದು ಕೇಳಿದ್ದರಿಂದ.

ಗಾಂಜಾ ವಿಷಯದಲ್ಲೂ ಇದೇ ದಾರಿ ಎಂಬುದು ನನ್ನ ನಿಲುವು. ಮೋಜಿಗೆ ಸೇದುವವರಿಗೆ ಏನು ಮಾಡಬೇಕು ಎಂಬ ಚರ್ಚೆ ನಡೆಯಲಿ. ನನ್ನ ಅಭಿಪ್ರಾಯದಲ್ಲಿ ಅವರನ್ನು ಜೈಲಿಗೆ ಹಾಕುವುದು ತಪ್ಪು. ಆದರೆ ಆ ಜಗಳ ಮುಗಿಯುವವರೆಗೆ ರೋಗಿಯನ್ನು ಕಾಯಿಸಬಾರದು. 2020ರ ಡಿಸೆಂಬರ್ 2ರಂದು ವಿಶ್ವಸಂಸ್ಥೆಯ ಮಾದಕ ಆಯೋಗ ಗಾಂಜಾವನ್ನು ಅತಿ ಅಪಾಯಕಾರಿ ವಸ್ತುಗಳ ನಾಲ್ಕನೇ ಪಟ್ಟಿಯಿಂದ ತೆಗೆಯಲು 27–25ರಲ್ಲಿ ತೀರ್ಮಾನಿಸಿತು. ಔಷಧವಾಗಿ ಅದಕ್ಕೆ ಬೆಲೆ ಇದೆ ಎಂದು ಒಪ್ಪಿದ ಹಾಗೆ ಅದು. ತೆಗೆಯಬೇಕು ಎಂದು ಮತ ಹಾಕಿದವರಲ್ಲಿ ಭಾರತವೂ ಇತ್ತು. ಹೊರಗೆ ಹಾಗೆ ಮತ ಹಾಕಿದ ಮೇಲೆ ಮನೆಯೊಳಗೆ ನಿಯಮ ಮಾಡಲು ಏನು ಅಡ್ಡಿ?

ಆ ನಿಯಮದಲ್ಲಿ ಮೊದಲು ಬೇಕಾದದ್ದು ಠಾಣೆಯ ಮಟ್ಟದ ರಕ್ಷಣೆ. ಚೀಟಿ ಮತ್ತು ಬಿಲ್ ಇರುವ ರೋಗಿಯನ್ನು ಬಂಧಿಸಬಾರದು, ಔಷಧ ವಶಪಡಿಸಿಕೊಳ್ಳಬಾರದು. ಔಷಧ ತಂದುಕೊಡುವ ಮಗಳು, ಮಗ, ಸೊಸೆಗೂ ಅದೇ ರಕ್ಷಣೆ ಇರಬೇಕು, ಯಾಕೆಂದರೆ ಹಾಸಿಗೆ ಹಿಡಿದವರು ತಾವೇ ಅಂಗಡಿಗೆ ಹೋಗುವುದಿಲ್ಲ. ಬರೆಯುವ ವೈದ್ಯರಿಗೂ ಇರಬೇಕು, ಇಲ್ಲದಿದ್ದರೆ ಬ್ರಿಟನ್ನಿನ ಕತೆಯೇ ಆಗುತ್ತದೆ. ಎಣ್ಣೆಯಲ್ಲಿ ಮತ್ತೇರಿಸುವ ಟಿಎಚ್‌ಸಿ ಎಷ್ಟು, ಎಷ್ಟು ಸಿಬಿಡಿ ಇದೆ ಎಂದು ಸರ್ಕಾರಿ ಪ್ರಯೋಗಾಲಯದಲ್ಲಿ ಪರೀಕ್ಷೆ ಆಗಬೇಕು. ಯಾವ ಕಾಯಿಲೆಗೆ ಪುರಾವೆ ಇದೆಯೋ ಅದಕ್ಕೆ ಮಾತ್ರ. ಹಾಗೆ ಮಾಡಿದರೆ, ಸುಳ್ಳು ಚೀಟಿ ತಂದು ಮೋಜು ಮಾಡುತ್ತಾರೆ ಎಂಬ ಪೊಲೀಸರ ಭಯಕ್ಕೂ ಉತ್ತರ ಸಿಗುತ್ತದೆ. ಆ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಇಟ್ಟುಕೊಳ್ಳುವುದು, ಮಾರುವುದು, ಬಳಸುವುದರ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ಸೆಕ್ಷನ್ 10 ರಾಜ್ಯಗಳಿಗೆ ಕೊಟ್ಟಿದೆ. ಹಾಗಾಗಿ ಎಲ್ಲದಕ್ಕೂ ದೆಹಲಿ ಕಡೆ ನೋಡಬೇಕಿಲ್ಲ. ನಿಮ್ಮ ಶಾಸಕರಿಗೆ ಪತ್ರ ಬರೆಯುವುದಾದರೆ ಈ ಸೆಕ್ಷನ್ ಹೆಸರು ಹಾಕಿಯೇ ಬರೆಯಿರಿ.

ಇವತ್ತಿನ ಮಟ್ಟಿಗೆ ನಿಮ್ಮ ಅಮ್ಮನಿಗೆ ಏನು ಮಾಡಬಹುದು? ನೋವು ಪೂರ್ತಿ ಹೋಗಿಲ್ಲ ಎಂದಿದ್ದೀರಿ. ಮಾರ್ಫಿನ್ ಡೋಸ್ ರೋಗಿಗೆ ತಕ್ಕ ಹಾಗೆ ಹೆಚ್ಚು ಕಡಿಮೆ ಮಾಡುವ ಔಷಧ, ಮೊದಲು ಬರೆದ ಡೋಸೇ ಕೊನೆಯದಲ್ಲ. ಮೂಳೆ ನೋವಿಗೆ ಬರೀ ಮಾತ್ರೆಯಲ್ಲ, ಆ ಜಾಗಕ್ಕೆ ರೇಡಿಯೇಷನ್ ಕೊಟ್ಟರೂ ಹಲವರಿಗೆ ಆರಾಮ ಆಗುತ್ತದೆ. ವಾಕರಿಕೆ ಮಾರ್ಫಿನ್‌ನಿಂದಲೂ ಬರಬಹುದು, ಅದರಿಂದಾಗುವ ಮಲಬದ್ಧತೆಯಿಂದಲೂ ಬರಬಹುದು. ಎರಡಕ್ಕೂ ಸಾಮಾನ್ಯ ಔಷಧ ಇದೆ. ಕ್ಯಾನ್ಸರ್ ಡಾಕ್ಟರನ್ನಷ್ಟೇ ಅಲ್ಲ, ಪ್ಯಾಲಿಯೇಟಿವ್ ಕೇರ್ (ನೋವು, ಸಂಕಟ ತಗ್ಗಿಸುವ ಆರೈಕೆ) ವೈದ್ಯರನ್ನು ನೋಡಲೇಬೇಕು. ಬೆಂಗಳೂರಿನ ಕಿದ್ವಾಯಿಯಲ್ಲಿ ಆ ವಿಭಾಗ ಇದೆ. ಅಲ್ಲೇ ಇರುವ ‘ಕರುಣಾಶ್ರಯ’ ಆರೈಕೆ ಕೇಂದ್ರ ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತದೆ. ಅಮ್ಮನನ್ನು ಅಷ್ಟು ದೂರ ಕರೆದುಕೊಂಡು ಹೋಗಲು ಆಗದಿದ್ದರೆ ರಿಪೋರ್ಟ್‌ಗಳ ಜೊತೆ ನೀವಾದರೂ ಹೋಗಿ ಕೇಳಿ, ಶಿವಮೊಗ್ಗದಲ್ಲೇ ಯಾರನ್ನು ಕಾಣಬಹುದು ಎಂದು ವಿಚಾರಿಸಿ.

ತಮ್ಮನಿಗೆ ಇನ್ನೊಂದು ಮಾತು ಹೇಳಿ. ಅವರು ಎಚ್‌-1ಬಿ ಅಥವಾ ಗ್ರೀನ್ ಕಾರ್ಡ್‌ನಲ್ಲಿದ್ದರೆ, ರಾಜ್ಯದಲ್ಲಿ ಗಾಂಜಾ ಕಾನೂನುಬದ್ಧ ಎಂಬುದು ಅವರಿಗೆ ರಕ್ಷಣೆ ಅಲ್ಲ. ವಲಸೆ ವಿಷಯ ನೋಡುವುದು ಕೇಂದ್ರದ ಕಾನೂನು. ರಾಜ್ಯ ಒಪ್ಪಿದ್ದರೂ ಗಾಂಜಾ ಬಳಕೆ ಪೌರತ್ವಕ್ಕೆ ಬೇಕಾದ ‘ಒಳ್ಳೆಯ ನಡತೆ’ಗೆ ಅಡ್ಡಿಯಾಗಬಹುದು ಎಂದು ಅಲ್ಲಿನ ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ‘ಬಳಸಿದ್ದೇನೆ’ ಎಂದು ಅಧಿಕಾರಿ ಮುಂದೆ ಒಪ್ಪಿಕೊಂಡರೂ ಗಡಿಯಲ್ಲಿ ತೊಂದರೆ ಆಗಬಹುದು. ಅಮ್ಮನಿಗೆಂದು ಕೊಂಡ ಡಬ್ಬಿಯ ಫೋಟೋ, ಅಂಗಡಿಯ ಮೆಸೇಜ್ ಫೋನಿನಲ್ಲಿದ್ದರೆ, ಪ್ರಯಾಣಕ್ಕೆ ಮೊದಲು ಅಲ್ಲಿನ ವಲಸೆ ವಕೀಲರೊಬ್ಬರ ಹತ್ತಿರ ಮಾತಾಡಲಿ.